ಮೊದಲು ಬಂದು ಕೂರುವ ಹಕ್ಕಿ

ಕೇಳುಗರಿಗೆ ನಮಸ್ಕಾರ.

ಸೀತನಿಯ ಕಾಲದಲ್ಲಿ ಜೋಳದ ಹೊಲ ಕಾಯ್ದವರು ನಮ್ಮ ಕಲಬುರಗಿ ಸೀಮೆಯಲ್ಲಿ ಇಂದಿಗೂ ಬಹಳ ಮಂದಿ ಇದ್ದಾರೆ. ತೆನೆಯಲ್ಲಿ ಹಾಲುಗಾಳು ತುಂಬಿದೊಡನೆ ಹೊಲದ ನಡುವೆ ಮಂಚಿಕೆ ಕಟ್ಟಿ, ಕವಣೆ ಹಿಡಿದು ಹತ್ತಬೇಕು. ಗುಲಾಬಿ ಮೈನಾಗಳ ಹಿಂಡು ಮೋಡದಂತೆ ಬಂದು ಇಳಿಯುತ್ತದೆ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳು ಅವು. ಒಂದು ಕಲ್ಲು ಬೀಸಿದರೆ ಇಡೀ ಹಿಂಡು ಮೇಲೇಳುತ್ತದೆ. ಆದರೆ ಎದ್ದ ಹಿಂಡು ಒಟ್ಟಿಗೆ ಮರಳುವುದಿಲ್ಲ. ಕಲ್ಲಿನ ಸದ್ದು ಇನ್ನೂ ಕಿವಿಯಲ್ಲಿರುವಾಗಲೇ ಎರಡೋ ಮೂರೋ ಹಕ್ಕಿಗಳು ತೆನೆಯ ಮೇಲೆ ಬಂದು ಕೂರುತ್ತವೆ. ಉಳಿದವು ಬದುವಿನ ಜಾಲಿಯ ಮೇಲೆ ಕುಳಿತು, ಮೊದಲು ಹೋದವರಿಗೆ ಏನಾಗುತ್ತದೆ ಎಂದು ನೋಡುತ್ತವೆ.

ಹುಡುಗನಾಗಿದ್ದಾಗ ಮಂಚಿಕೆಯ ಮೇಲೆ ನಿಂತು ಅಜ್ಜನನ್ನು ಒಂದು ಪ್ರಶ್ನೆ ಕೇಳಿದ್ದೆ. ಮೊದಲು ಬರುವುದು ಯಾವಾಗಲೂ ಅದೇ ಹಕ್ಕಿಯೋ, ಇಲ್ಲ ಸರದಿಯ ಮೇಲೆ ಬೇರೆ ಬೇರೆ ಹಕ್ಕಿಯೋ? ಅಜ್ಜ ಬಹಳ ಹೊತ್ತು ಹಿಂಡನ್ನೇ ನೋಡಿ, “ಎಲ್ಲವೂ ಒಂದೇ ನಮೂನೆ ಕಾಣುತ್ತವೆ, ಹೇಗೆ ಹೇಳಲಿ” ಎಂದರು. ಅದು ಸರಿಯಾದ ಉತ್ತರವಾಗಿತ್ತು. ಹಕ್ಕಿಗಳನ್ನು ಒಂದೊಂದಾಗಿ ಗುರುತಿಸದೆ ಆ ಪ್ರಶ್ನೆಗೆ ಯಾರೂ ಉತ್ತರಿಸಲಾರರು. ಅವುಗಳನ್ನು ಹಾಗೆ ಗುರುತಿಸಿ ಉತ್ತರ ಹುಡುಕಿದವರ ಕೆಲಸವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ನೆದರ್ಲೆಂಡ್ಸ್ ದೇಶದ ಆರ್ನೆಮ್ ಊರಿನ ಬಳಿ ವೆಸ್ಟರ್‌ಹೈಡೆ ಎಂಬ ಕಾಡಿದೆ. ಅಲ್ಲಿ ಚೇಕಡಿ ಜಾತಿಯ ಒಂದು ಹಾಡುಹಕ್ಕಿ ವಾಸವಾಗಿದೆ. ಗುಬ್ಬಿಯ ಗಾತ್ರ, ಕಪ್ಪು ತಲೆ, ಬಿಳಿ ಕೆನ್ನೆ, ಹಳದಿ ಹೊಟ್ಟೆ, ಎದೆಯ ನಡುವೆ ಕಪ್ಪು ಪಟ್ಟಿ. ನಮ್ಮ ದೇಶದ ಬೂದು ಚೇಕಡಿ ಇದರ ಹತ್ತಿರದ ಬಂಧು. ಹಾಡುಹಕ್ಕಿ ಎಂದೊಡನೆ ಕೋಗಿಲೆಯನ್ನು ನೆನೆಯುವವರಿಗೆ ಒಂದು ಮಾತು: ಎಷ್ಟೇ ಇಂಪಾಗಿ ಕೂಗಿದರೂ ಕೋಗಿಲೆ ಈ ವಂಶಕ್ಕೆ ಸೇರುವುದಿಲ್ಲ. ಗುಬ್ಬಿ, ಗೊರವಂಕ, ಪಿಕಳಾರ, ಗೀಜಗ, ಕಾಜಾಣ, ಕೊನೆಗೆ ಕಾಗೆಯೂ ಹಾಡುಹಕ್ಕಿಗಳ ವಂಶದವೇ.

ಚೇಕಡಿಗಳು ಮರದ ಪೊಟರೆಯಲ್ಲಿ ಗೂಡು ಮಾಡುತ್ತವೆ. ಮನುಷ್ಯ ಮರಕ್ಕೆ ಕಟ್ಟಿದ ಪೆಟ್ಟಿಗೆಯನ್ನೂ ಸಂತೋಷದಿಂದ ಒಪ್ಪಿಕೊಳ್ಳುತ್ತವೆ. ಪೆಟ್ಟಿಗೆಯಲ್ಲಿ ಹುಟ್ಟಿದ ಪ್ರತಿ ಮರಿಯ ಕಾಲಿಗೂ ಉಂಗುರ ತೊಡಿಸಬಹುದು. ತಂದೆ ತಾಯಿ ಯಾರು, ಒಡಹುಟ್ಟಿದವರು ಯಾರು, ಯಾವ ವರ್ಷ ಹುಟ್ಟಿತು, ಯಾವ ಚಳಿಗಾಲ ದಾಟಿತು, ಎಲ್ಲವನ್ನೂ ದಾಖಲಿಸಬಹುದು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ವೈಥಮ್ ಕಾಡಿನಲ್ಲಿ ಈ ಹಕ್ಕಿಗಳ ವಂಶಾವಳಿಯನ್ನು 1947ರಿಂದ ಬರೆದಿಡುತ್ತಾ ಬಂದಿದ್ದಾರೆ. ಎಷ್ಟು ಮನೆಗಳಲ್ಲಿ ಅಷ್ಟು ತಲೆಮಾರುಗಳ ವಂಶಾವಳಿ ಸಿಕ್ಕೀತು ಹೇಳಿ.

ನೆದರ್ಲೆಂಡ್ಸ್‌ನ ವಿಜ್ಞಾನಿಗಳು ಹಕ್ಕಿಯ ಸ್ವಭಾವ ಅಳೆಯಲು ಕಂಡುಕೊಂಡ ಉಪಾಯ ಬಹಳ ಸರಳ. ಕಾಡಿನಿಂದ ಹಕ್ಕಿಯನ್ನು ಹಿಡಿದು ತಂದು ಒಂದು ರಾತ್ರಿ ಇಟ್ಟುಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆ ಸುಮಾರು ನಾಲ್ಕು ಮೀಟರ್ ಉದ್ದದ ಕೋಣೆಯೊಳಗೆ ಬಿಡುತ್ತಾರೆ. ಕೋಣೆಯಲ್ಲಿ ಐದು ಕೃತಕ ಮರಗಳಿವೆ, ಬೇರೇನೂ ಇಲ್ಲ. ಮೊದಲ ಎರಡು ನಿಮಿಷಗಳಲ್ಲಿ ಹಕ್ಕಿ ಎಷ್ಟು ಸಲ ಹಾರಿತು, ಕುಪ್ಪಳಿಸಿತು ಎಂದು ಎಣಿಸುತ್ತಾರೆ. ಕೆಲವು ಹಕ್ಕಿಗಳು ಬಾಗಿಲು ತೆರೆದದ್ದೇ ತಡ, ಐದೂ ಮರಗಳನ್ನು ಸುತ್ತಿ ಬರುತ್ತವೆ. ಕೆಲವು ಒಂದೇ ಕೊಂಬೆಯ ಮೇಲೆ ಕುಳಿತು ಕತ್ತು ಹೊರಳಿಸಿ ಕೋಣೆಯನ್ನೆಲ್ಲ ಕಣ್ಣಿನಿಂದಲೇ ಅಳೆಯುತ್ತವೆ. ಇನ್ನೊಂದು ಪರೀಕ್ಷೆಯಲ್ಲಿ ಕಾಳಿನ ತಟ್ಟೆಯ ಬಳಿ ಒಂದು ಬ್ಯಾಟರಿ ಸೆಲ್ಲನ್ನೋ, ಗುಲಾಬಿ ಬಣ್ಣದ ರಬ್ಬರ್ ಗೊಂಬೆಯನ್ನೋ ಇಟ್ಟು, ಎಷ್ಟು ಹೊತ್ತಿಗೆ ಹತ್ತಿರ ಬರುತ್ತದೆ ಎಂದು ನೋಡುತ್ತಾರೆ.

ಇಲ್ಲಿಂದ ವಿಷಯಕ್ಕೆ ರುಚಿ ಹತ್ತುತ್ತದೆ. ಅದೇ ಹಕ್ಕಿಯನ್ನು ತಿಂಗಳುಗಳ ಬಳಿಕ ಮತ್ತೆ ಹಿಡಿದು ತಂದರೆ, ಮೊದಲ ಸಲ ಚುರುಕಾಗಿದ್ದದ್ದು ಬಹುಪಾಲು ಚುರುಕಾಗಿಯೇ ಇರುತ್ತದೆ, ಅಳುಕಿದ್ದು ಅಳುಕುತ್ತದೆ. ಕೋಣೆಯಲ್ಲಿ ಚುರುಕಾದ ಹಕ್ಕಿ ಜಗಳಕ್ಕೂ ಮುಂದು. ಆದರೆ ಅದರದೇ ಒಂದು ಕೊರತೆಯೂ ಇದೆ. ಕಾಳಿನ ಬಟ್ಟಲನ್ನು ಬೇರೆ ಕಡೆ ಇಟ್ಟರೂ ಅದು ರೂಢಿಯ ಬಲದಿಂದ ಹಳೆಯ ಜಾಗಕ್ಕೇ ಹೋಗುತ್ತಿರುತ್ತದೆ. ನಿಧಾನದ ಹಕ್ಕಿ ಬದಲಾವಣೆಯನ್ನು ಬೇಗ ಗಮನಿಸುತ್ತದೆ. ಹಾಗಾಗಿ ಒಂದನ್ನು ಜಾಣ, ಇನ್ನೊಂದನ್ನು ದಡ್ಡ ಎನ್ನುವಂತಿಲ್ಲ. ಲೋಕವನ್ನು ಎದುರಿಸುವ ಎರಡು ರೀತಿಗಳು ಅವು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ ನಮ್ಮವರು. ಈ ಗುಣ ನಿಜಕ್ಕೂ ಹುಟ್ಟಿನಿಂದ ಬಂದದ್ದೇ? ಪೀಟ್ ಡ್ರೆಂಟ್ ಮತ್ತು ಸಂಗಡಿಗರು ಮರಿಗಳನ್ನು ಕೈಯಾರೆ ಸಾಕಿದರು. ತಂದೆ ತಾಯಿಯನ್ನು ನೋಡಿ ಕಲಿತದ್ದು ಎನ್ನಲು ಅವಕಾಶವೇ ಇರಬಾರದು ಎಂಬುದು ಅವರ ಉದ್ದೇಶ. ಚುರುಕಿನವನ್ನು ಚುರುಕಿನವುಗಳೊಂದಿಗೆ, ನಿಧಾನದವನ್ನು ನಿಧಾನದವುಗಳೊಂದಿಗೆ ಜೋಡಿ ಮಾಡಿ ನಾಲ್ಕು ತಲೆಮಾರು ನಡೆಸಿದರು. ನಾಲ್ಕೇ ತಲೆಮಾರಿನಲ್ಲಿ ಎರಡು ಸಾಲುಗಳು ದೂರ ದೂರ ಸರಿದಿದ್ದವು. 2003ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಆನುವಂಶಿಕತೆಯ ಪಾಲು ಶೇಕಡಾ 54. ಅದಕ್ಕೆ ಒಂದು ವರ್ಷ ಮೊದಲು, ನೀಲ್ಸ್ ಡಿಂಗೆಮನ್ಸೆ ಮತ್ತು ಜೊತೆಗಾರರು ಕಾಡಿನಲ್ಲೇ ಬೆಳೆದ ಹಕ್ಕಿಗಳಲ್ಲಿ ಕಂಡದ್ದು ಶೇಕಡಾ 22ರಿಂದ 41.

ಈ ಶೇಕಡಾವಾರನ್ನು ತಪ್ಪಾಗಿ ತಿಳಿಯುವುದು ಬಹಳ ಸುಲಭ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಹಕ್ಕಿಯ ಗುಣದಲ್ಲಿ ಇಷ್ಟು ಭಾಗ ತಾಯಿಯದು, ಇಷ್ಟು ಭಾಗ ಕಾಡಿನದು ಎಂಬ ಅರ್ಥ ಅದಕ್ಕಿಲ್ಲ. ನಿಮ್ಮ ಹೊಲದಲ್ಲಿ ನಾಲ್ಕಾರು ತಳಿಯ ತೊಗರಿ ಬೀಜ ಕಲಸಿ ಬಿತ್ತಿದ್ದೀರಿ ಎನ್ನಿ. ಗಿಡಗಳ ಎತ್ತರದಲ್ಲಿ ಏರುಪೇರು ಕಾಣುತ್ತದೆ. ಆ ಏರುಪೇರಿನಲ್ಲಿ ಒಂದು ಪಾಲು ಬೀಜದ ಭೇದದಿಂದ, ಇನ್ನೊಂದು ಪಾಲು ನೆಲದ ಭೇದದಿಂದ ಬಂದದ್ದು: ಇಲ್ಲಿ ಎರೆ, ಅಲ್ಲಿ ಗರಸು, ತಗ್ಗಿನಲ್ಲಿ ನಿಂತ ನೀರು. ಆನುವಂಶಿಕತೆ ಎಂದರೆ ಏರುಪೇರಿನಲ್ಲಿ ಬೀಜದ ಪಾಲು. ಅದೇ ಹೊಲದಲ್ಲಿ ಒಂದೇ ತಳಿ ಬಿತ್ತಿದ್ದರೆ ಏರುಪೇರಿಗೆಲ್ಲ ನೆಲವೇ ಕಾರಣ, ಆನುವಂಶಿಕತೆ ಸೊನ್ನೆ. ಬೀಜದಲ್ಲಿ ಗುಣವಿಲ್ಲ ಎಂದು ಅದರ ಅರ್ಥವೇ? ಖಂಡಿತ ಅಲ್ಲ. ಹೊಲ ಬದಲಾದರೆ ಲೆಕ್ಕವೂ ಬದಲಾಗುತ್ತದೆ, ಕಾಡು ಬದಲಾದರೂ ಹಾಗೆಯೇ.

ಇಷ್ಟು ತಿಳಿದ ಮೇಲೆ ಧೈರ್ಯದ ವಂಶವಾಹಿ ಎಲ್ಲಿದೆ ಎಂದು ಹುಡುಕುವ ಆಸೆ ಸಹಜ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಸಂದೇಶ ಸ್ವೀಕರಿಸುವ ಒಂದು ಪ್ರೊಟೀನ್ ಇದೆ. ಅದನ್ನು ರೂಪಿಸುವ ವಂಶವಾಹಿಗೆ ಡಿಆರ್‌ಡಿ4 ಎಂದು ಹೆಸರು. ವಂಶವಾಹಿಯನ್ನು ಒಂದು ಉದ್ದನೆಯ ಬರಹ ಎಂದುಕೊಂಡರೆ, ಅದರ ಒಂದೇ ಒಂದು ಅಕ್ಷರದ ಭೇದ ಚೇಕಡಿಗಳ ಚುರುಕಿನೊಂದಿಗೆ ಹೊಂದುತ್ತದೆ ಎಂದು 2007ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ಬಳಿಕ ಪೀಟರ್ ಕೊರ್ಸ್ಟನ್ ಮತ್ತಿತರರು ನೆದರ್ಲೆಂಡ್ಸ್, ಬೆಲ್ಜಿಯಂ, ಇಂಗ್ಲೆಂಡುಗಳ ನಾಲ್ಕು ಕಾಡುಗಳಲ್ಲಿ ಅದನ್ನೇ ಪರೀಕ್ಷಿಸಿದರು. ಮೊದಲು ಕಂಡ ವೆಸ್ಟರ್‌ಹೈಡೆಯಲ್ಲಿ ಮತ್ತೆ ಕಂಡಿತು. ಉಳಿದ ಮೂರು ಕಾಡುಗಳಲ್ಲಿ ಕಾಣಲಿಲ್ಲ. ನನಗೆ ಈ ಎರಡನೆಯ ವರದಿ ಮೊದಲನೆಯದಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ತಾವೇ ಮೆಚ್ಚಿದ ಫಲಿತಾಂಶವನ್ನು ನಾಲ್ಕು ಊರಿನ ಒರೆಗಲ್ಲಿಗೆ ಹಚ್ಚಿ, ಮೂರರಲ್ಲಿ ನಿಲ್ಲಲಿಲ್ಲ ಎಂದು ತಾವೇ ಬರೆಯುವುದು ದೊಡ್ಡ ಗುಣ. ಸ್ವಭಾವ ಎಂಬುದು ಒಂದು ವಂಶವಾಹಿಯ ಕೆಲಸವಲ್ಲ. ಹಲವಾರು ವಂಶವಾಹಿಗಳು ಒಂದೊಂದು ಎಳೆ ಸೇರಿಸಿ ನೇಯ್ದ ಬಟ್ಟೆ ಅದು.

ಆದರೆ ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಗುಣ ವಂಶದಲ್ಲಿ ಇಳಿದು ಬರುವುದಾದರೆ, ಬದುಕಲು ಹೆಚ್ಚು ಅನುಕೂಲವಾದ ಗುಣ ಉಳಿದು ಇನ್ನೊಂದು ಎಂದೋ ಅಳಿದುಹೋಗಬೇಕಿತ್ತು. ಲಕ್ಷಾಂತರ ವರ್ಷಗಳಾದರೂ ಒಂದೇ ಕಾಡಿನಲ್ಲಿ ಎರಡೂ ಬಗೆಯ ಹಕ್ಕಿಗಳು ಏಕಿವೆ?

ವೆಸ್ಟರ್‌ಹೈಡೆಯ ಹಕ್ಕಿಗಳ ಚಳಿಗಾಲದ ಊಟದಲ್ಲಿ ಬೀಚ್ ಎಂಬ ಮರದ ಕಾಯಿಗೆ ದೊಡ್ಡ ಸ್ಥಾನವಿದೆ. ಆ ಮರ ಕೆಲವು ವರ್ಷ ನೆಲ ಮುಚ್ಚುವಷ್ಟು ಕಾಯಿ ಉದುರಿಸುತ್ತದೆ, ಕೆಲವು ವರ್ಷ ಏನೂ ಕೊಡುವುದಿಲ್ಲ. ಡಿಂಗೆಮನ್ಸೆ ಮತ್ತು ಜೊತೆಗಾರರು ಮೂರು ವರ್ಷ ಯಾವ ಹಕ್ಕಿ ಉಳಿಯಿತು, ಯಾವುದು ಉಳಿಯಲಿಲ್ಲ ಎಂದು ಲೆಕ್ಕವಿಟ್ಟರು. 2004ರಲ್ಲಿ ಅದು ಪ್ರಕಟವಾಯಿತು. ಕಾಯಿ ಇಲ್ಲದ ವರ್ಷಗಳಲ್ಲಿ ಚುರುಕಿನ ಹೆಣ್ಣುಗಳು ಹೆಚ್ಚು ಉಳಿದವು, ಏಕೆಂದರೆ ಇದ್ದ ಚೂರುಪಾರು ಆಹಾರಕ್ಕೆ ಪೈಪೋಟಿ ನಡೆಸಿ ಗೆಲ್ಲಬೇಕಿತ್ತು. ಕಾಯಿ ಸುರಿದ ವರ್ಷದಲ್ಲಿ ನಿಧಾನದ ಹೆಣ್ಣುಗಳು ಹೆಚ್ಚು ಉಳಿದವು. ಗಂಡುಗಳಲ್ಲಿ ಇದೆಲ್ಲ ತಲೆಕೆಳಗು. ಸುಗ್ಗಿಯ ವರ್ಷ ಬಹಳ ಹಕ್ಕಿಗಳು ಚಳಿಗಾಲ ದಾಟಿ ಬರುತ್ತವೆ, ವಸಂತದಲ್ಲಿ ಗೂಡಿನ ಜಾಗಕ್ಕೆ ಗಂಡುಗಳ ನಡುವೆ ಕಾದಾಟ ಏಳುತ್ತದೆ, ಚುರುಕಿನವನಿಗೆ ಲಾಭ. ಬರದ ವರ್ಷದ ನಂತರ ಉಳಿದವರೇ ಕೆಲವರು, ಜಾಗ ಬೇಕಾದಷ್ಟು, ಜಗಳಗಂಟತನದಿಂದ ನಷ್ಟವೇ ಹೊರತು ಲಾಭವಿಲ್ಲ, ಆಗ ನಿಧಾನದ ಗಂಡಿಗೆ ಕಾಲ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ನಮ್ಮ ಹೊಲವನ್ನು ನೆನೆದೆ. ಮಳೆಯನ್ನು ನಂಬಿದ ರೈತ ಇಡೀ ಹೊಲಕ್ಕೆ ಒಂದೇ ಬೆಳೆ ಹಾಕಲು ಹಿಂಜರಿಯುತ್ತಾನೆ. ತೊಗರಿಯ ಸಾಲುಗಳ ನಡುವೆ ಹೆಸರು, ಉದ್ದು, ಸಜ್ಜೆ ಬಿತ್ತುತ್ತಾನೆ. ಮುಂಗಾರು ಚೆನ್ನಾಗಿ ಬಂದು ಆಮೇಲೆ ಕೈಕೊಟ್ಟರೆ ಎರಡು ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಹೆಸರು ಮನೆ ನಡೆಸುತ್ತದೆ. ಮುಂಗಾರು ತಡವರಿಸಿ ಹಿಂಗಾರು ಬಂದರೆ, ಆಳಕ್ಕೆ ಬೇರು ಬಿಟ್ಟ ತೊಗರಿ ಎದ್ದು ನಿಲ್ಲುತ್ತದೆ. ಇಂಥ ವರ್ಷವೇ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ನೆಲದಲ್ಲಿ ಎರಡೂ ಬೇಕು. ಒಂದು ವ್ಯತ್ಯಾಸ ಮಾತ್ರ ಮರೆಯಬಾರದು. ರೈತ ಮುಂದಾಲೋಚನೆಯಿಂದ ಬಿತ್ತುತ್ತಾನೆ. ಕಾಡಿಗೆ ಮುಂದಾಲೋಚನೆ ಇಲ್ಲ. ಒಂದು ವರ್ಷ ಈ ಬಗೆಯ, ಮರುವರ್ಷ ಆ ಬಗೆಯ ಹಕ್ಕಿಗಳು ಸತ್ತು ಸತ್ತು ತಕ್ಕಡಿ ಸಮವಾಗುತ್ತದೆ.

ಚುರುಕಿನ ತಂದೆ ತಾಯಿಯ ಮಕ್ಕಳು ಹುಟ್ಟಿದ ಗೂಡಿನಿಂದ ಹೆಚ್ಚು ದೂರ ಹೋಗಿ ನೆಲೆಸುತ್ತವೆ, ಹೊರಗಿನಿಂದ ಬಂದು ಸೇರಿದ ಹಕ್ಕಿಗಳು ಅಲ್ಲಿಯೇ ಹುಟ್ಟಿದವುಗಳಿಗಿಂತ ಚುರುಕಾಗಿರುತ್ತವೆ ಎಂದೂ ಡಿಂಗೆಮನ್ಸೆಯವರ ಗುಂಪು ಕಂಡಿತು. ಫ್ರಾನ್ಸಿನ ಮೊಂಪೆಲಿಯೆ ನಗರದ ಚೇಕಡಿಗಳು ಪಕ್ಕದ ಕಾಡಿನವುಗಳಿಗಿಂತ ಚುರುಕು ಎಂದು ಇನ್ನೊಂದು ಅಧ್ಯಯನ ತೋರಿಸಿದೆ. ನಮ್ಮ ಚಿಂಚೋಳಿಯ ಕಾಡಿನ ಪಿಕಳಾರಕ್ಕೂ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯ ಪಿಕಳಾರಕ್ಕೂ ಅಂಥ ಭೇದವಿದೆಯೇ? ನಮ್ಮ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಲ್ಲಿ ಯಾರಾದರೊಬ್ಬರು ಈ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ತುಂಬುಮನಸ್ಸಿನ ಆಸೆ. ಹಕ್ಕಿ ಹಿಡಿದು ಉಂಗುರ ತೊಡಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು, ನುರಿತವರ ಮಾರ್ಗದರ್ಶನ ಬೇಕು. ಬರಿಗಣ್ಣಿನಿಂದ ನೋಡಲು ಏನೂ ಬೇಡ.

ಅರಳಗುಂಡಗಿಯ ಶರಣಬಸವೇಶ್ವರರು ಹೊಲ ಕಾಯಲು ಹೋದಾಗ ಹಕ್ಕಿಗಳನ್ನು ಓಡಿಸದೆ, ತಿಂದ ಹಕ್ಕಿಗೆ ಕುಡಿಯಲು ನೀರನ್ನೂ ಇಟ್ಟರು ಎಂಬ ಕಥೆ ನಮ್ಮ ಮನೆಮನೆಗಳಲ್ಲಿ ಇದೆ. ಇಲ್ಲಿಯ ಬೇಸಿಗೆಯಲ್ಲಿ ಅಂಗಳಕ್ಕೊಂದು ಮಣ್ಣಿನ ತಟ್ಟೆ ಇಡುವವರಿಗೆ ಆ ಕಥೆಯ ನೆನಪು ಇದ್ದೇ ಇರುತ್ತದೆ. ನಮ್ಮ ಅಂಗಳದ ತಟ್ಟೆಗೆ ಒಂದು ಜೋಡಿ ಪಿಕಳಾರಗಳು ಬರುತ್ತವೆ. ಗಂಡು ಹೆಣ್ಣು ಒಂದೇ ತರಹ ಕಾಣುವ ಹಕ್ಕಿ. ಒಂದರ ಎಡಗಾಲಿನ ಬೆರಳು ಮುರಿದಿರುವುದರಿಂದ ನನಗೆ ಗುರುತು ಸಿಗುತ್ತದೆ. ತಟ್ಟೆಯ ಪಕ್ಕ ಒಮ್ಮೆ ಕೆಂಪು ಮುಚ್ಚಳ, ಒಮ್ಮೆ ತೆಂಗಿನ ಚಿಪ್ಪು, ಒಮ್ಮೆ ಮಗುವಿನ ಬುಗುರಿ ಇಟ್ಟು ನೋಡಿದೆ. ಮೂರು ಸಲವೂ ಕುಂಟುಬೆರಳಿನದು ನೇರವಾಗಿ ಬಂದು ಕುಡಿಯಿತು. ಜೊತೆಗಾರ ಹಕ್ಕಿ ಬೇವಿನ ಕೊಂಬೆಯಿಂದ ಇಳಿಯಲು ಬಹಳ ಹೊತ್ತು ತೆಗೆದುಕೊಂಡಿತು. ಎರಡೇ ಹಕ್ಕಿ, ಮೂರೇ ಸಲ. ಇದನ್ನು ವಿಜ್ಞಾನ ಎನ್ನಲಾಗದು. ಆದರೂ ಅಜ್ಜನಿಗೆ ಹೇಳಲು ನನ್ನ ಬಳಿ ಈಗ ಒಂದು ಮಾತಿದೆ.

ಈ ಸಲ ಅವು ಕರಿಬೇವಿನ ಗಿಡದಲ್ಲಿ ಗೂಡು ಕಟ್ಟಿವೆ. ಕಿಟಕಿಯಿಂದ ಕಾಣುವಷ್ಟು ಹತ್ತಿರ. ನಿನ್ನೆ ಮಧ್ಯಾಹ್ನ ಬಿಸಿಗಾಳಿ ಬೀಸುತ್ತಿತ್ತು, ನಮ್ಮ ಬೆಕ್ಕು ಗಿಡದ ಬುಡದವರೆಗೂ ಹೋಯಿತು. ಕುಂಟುಬೆರಳಿನದು ಗೋಡೆಯ ಮೇಲೆ ಕೂಗಾಡುತ್ತಿತ್ತು. ತಟ್ಟೆಗೆ ಬರಲು ಅಷ್ಟು ಅಳುಕುವ ಇನ್ನೊಂದು ಮಾತ್ರ ಮೊಟ್ಟೆಗಳ ಮೇಲಿಂದ ಕದಲಲೇ ಇಲ್ಲ.

ನಮಸ್ಕಾರ.