ಕರೆಂಟ್ ನಮ್ ಕಡೇನೇ ಹುಟ್ತೈತೆ, ಸಂಜೆಗೆ ನಮಗೇ ಇಲ್ಲ

ನಮಸ್ಕಾರ ರೀ ಎಲ್ಲರಿಗೂ. ದಾವಣಗೆರೆಯಿಂದ ಮಾತಾಡ್ತಾ ಇದೀನಿ. ಯುಪಿಎಸ್ಸು, ಬ್ಯಾಟ್ರಿ ಸರ್ವೀಸ್ ನನ್ ಕೆಲಸ ಅಂತ ಈ ಚಾನೆಲ್ ನೋಡೋರಿಗೆ ಗೊತ್ತೇ ಐತೆ. ಇವತ್ತು ರಿಪೇರಿ ವಿಡಿಯೋ ಮಾಡಲ್ಲ, ಬಾಳ ದಿನದಿಂದ ಮನಸ್ಸಲ್ಲಿ ಕೊರೀತಿರೋ ಒಂದು ವಿಷಯ ಹೇಳ್ಬೇಕು.

ಹೋದ ತಿಂಗಳು ಚಳ್ಳಕೆರೆಲಿ ಒಂದು ಎಣ್ಣೆ ಮಿಲ್ಲಿಗೆ ಹೋಗಿದ್ದೆ, ಆಫೀಸ್ ರೂಮಿನ ಯುಪಿಎಸ್ ನೋಡಕ್ಕೆ. ಸಂಜೆ ಆರೂ ಮುಕ್ಕಾಲು ಇರ್ಬೇಕು. ಎಕ್ಸ್‌ಪೆಲ್ಲರ್, ಅಂದ್ರೆ ಎಣ್ಣೆ ಹಿಂಡೋ ಮಷಿನ್ನು, ಜೋರಾಗಿ ಓಡ್ತಿತ್ತು, ಮೇಲಿಂದ ಶೇಂಗಾ ಬೀಜ ಸುರೀತಿದ್ರು, ಈ ಕಡೆ ಹಿಂಡಿ ಬಿಸಿಬಿಸಿ ಉದುರ್ತಿತ್ತು, ಅಷ್ಟ್ರಲ್ಲಿ ಕರೆಂಟ್ ಹೋಯ್ತು. ಮನೇಲಿ ಕರೆಂಟ್ ಹೋದ್ರೆ ಫ್ಯಾನ್ ನಿಲ್ತೈತೆ ಅಷ್ಟೇ, ಅಲ್ಲಿ ಹಂಗಲ್ಲ ರೀ, ಒಳಗಿರೋ ಮಾಲು ಸ್ಕ್ರೂ ಸುತ್ತ ಹಂಗೇ ಬಿಗಿದು ಕಲ್ಲಾಗ್ಬಿಡ್ತೈತೆ. ಮತ್ತೆ ಕರೆಂಟ್ ಬಂದ್ರೂ ಮೋಟ್ರು ತಿರುಗಲ್ಲ. ಇಬ್ರು ಹುಡುಗ್ರು ಮೊಬೈಲ್ ಟಾರ್ಚ್ ಹಿಡ್ಕೊಂಡು, ಬೋಲ್ಟ್ ಬಿಚ್ಚಿ, ಕಬ್ಬಿಣದ ರಾಡಲ್ಲಿ ಹಿಂಡಿ ಕೆತ್ತಿ ಕೆತ್ತಿ ತೆಗೀತಿದ್ರು, ಕೈಯೆಲ್ಲಾ ಸುಟ್ಕೊಂಡು. ಯಜಮಾನ್ರು ನನ್ ಮುಖ ನೋಡಿ, "ಏನಪ್ಪಾ, ವರ್ಷಪೂರ್ತಿ ಬ್ಯಾಟ್ರಿ ಬ್ಯಾಟ್ರಿ ಅಂತೀಯ, ಇದಕ್ಕೊಂದು ಬ್ಯಾಟ್ರಿ ಹಾಕ್ಕೊಡಪ್ಪ ನೋಡೋಣ" ಅಂದ್ರು. ನಾನು ಸುಮ್ನೆ ನಿಂತಿದ್ದೆ.

ವಾಪಸ್ ಬರೋವಾಗ ದುರ್ಗದ ಹತ್ರ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ತಿರುಗ್ತಾ ಇದ್ವು, ಸಾಲಾಗಿ. ಆ ಕಡೆ ಪಾವಗಡದಲ್ಲಿ, ತುಮಕೂರು ಜಿಲ್ಲೆ ಆದ್ರೂ ನಮ್ ಚಳ್ಳಕೆರೆ, ಹಿರಿಯೂರಿಗೆ ಪಕ್ಕದ ಸೀಮೆ ಅದು, ಹದಿಮೂರು ಸಾವಿರ ಎಕರೆ, 2050 ಮೆಗಾವ್ಯಾಟ್ ಸೋಲಾರು, ರೈತರ ಜಮೀನು ಗುತ್ತಿಗೆಗೆ ತಗೊಂಡು ಮಾಡಿರೋದು. ಗಾಳಿ ನಮ್ದು, ಬಿಸಿಲು ನಮ್ದು. ಸಂಜೆ ಆರರಿಂದ ಹತ್ತರ ತನಕ ಕಣ್ಣಾಮುಚ್ಚಾಲೆ ಆಡೋ ಕರೆಂಟೂ ನಮ್ದೇ! ಇದು ನಂಗೆ ಸರಿ ಅನ್ಸಲ್ಲ.

ಯಜಮಾನ್ರಿಗೆ ಅವತ್ತು ಯಾಕೆ ಉತ್ತರ ಕೊಡ್ಲಿಲ್ಲ ಅಂದ್ರೆ, ಲೆಕ್ಕ ಹಂಗೈತೆ. ಅವರ ಮೋಟ್ರು 30 ಎಚ್‌ಪಿ, ಅಂದ್ರೆ ಸುಮಾರು 22 ಕಿಲೋವ್ಯಾಟ್, ಒಂದು ಗಂಟೆ ಓಡಿದ್ರೆ 22 ಯೂನಿಟ್. ನಮ್ ಮನೆಗಳಲ್ಲಿರೋ 12 ವೋಲ್ಟು, 150 ಎಎಚ್ ಟ್ಯೂಬುಲರ್ ಬ್ಯಾಟ್ರಿಲಿ, ಅದೇ ನೀರು ಹಾಕೋ ಲೆಡ್ ಆಸಿಡ್ ಬ್ಯಾಟ್ರಿಲಿ, ಲೆಕ್ಕಕ್ಕೆ 1.8 ಯೂನಿಟ್ ಇರ್ತೈತೆ, ಬಾಳಿಕೆ ಬರ್ಬೇಕು ಅಂದ್ರೆ ಅರ್ಧ ಮಾತ್ರ ಎಳೀಬೇಕು. ಅಲ್ಲಿಗೆ ಒಂದು ಗಂಟೆಗೆ 25 ಬ್ಯಾಟ್ರಿ, ತೂಕವೇ ಹದಿಮೂರು ಹದಿನಾಲ್ಕು ಕ್ವಿಂಟಾಲ್. ಮೇಲೆ ಮೋಟ್ರು ಸ್ಟಾರ್ಟಿಂಗಲ್ಲಿ ಐದಾರು ಪಟ್ಟು ಆಂಪ್ಸ್ ಕೇಳ್ತೈತೆ, ಅಷ್ಟು ತಡ್ಕೊಳ್ಳೋ ಇನ್ವರ್ಟರ್ ಬೇರೆ. ಜನರೇಟರ್ ಹಾಕ್ಕೊಂಡ್ರೆ ಒಂದು ಲೀಟರ್ ಡೀಸೆಲ್‌ಗೆ ಮೂರು, ಮೂರೂವರೆ ಯೂನಿಟ್ ಬರ್ತೈತೆ, ಈಗಿನ ಡೀಸೆಲ್ ರೇಟಿಗೆ ಯೂನಿಟ್ ಎಷ್ಟು ಬಿತ್ತು ನೀವೇ ಗುಣಿಸ್ಕೊಳ್ರಿ.

ಈಗ ಇನ್ನೊಂದು ಕಡೆ ನೋಡ್ರಿ. ನನ್ ಟೇಬಲ್ ಮೇಲೆ ಇಲ್ಲೊಂದು ಲಿಥಿಯಂ ಸೆಲ್ ಐತೆ, ಎಲ್‌ಎಫ್‌ಪಿ ಅಂತೀವಿ, ಲಿಥಿಯಂ ಜೊತೆಗೆ ಕಬ್ಬಿಣ, ಫಾಸ್ಫೇಟು. ದಪ್ಪ ನಿಘಂಟಿನಷ್ಟು ಸೈಜು, ಐದೂವರೆ ಕೆಜಿ ಒಳಗೇ ತೂಕ. 3.2 ವೋಲ್ಟು, 280 ಎಎಚ್, ಗುಣಿಸಿದ್ರೆ ಹೆಚ್ಚುಕಮ್ಮಿ 0.9 ಯೂನಿಟ್. ಆಳದ ತನಕ ಎಳೆದ್ರೂ ಬೇಜಾರ್ ಮಾಡ್ಕೊಳ್ಳಲ್ಲ ಇದು. ಆ ಮಿಲ್ಲಿನ ಒಂದು ಗಂಟೆಗೆ ಇಂಥವು 28 ಸಾಕು, ಒಂದೂವರೆ ಕ್ವಿಂಟಾಲ್. ಮೂರರಿಂದ ಆರು ಸಾವಿರ ಸಲ ಚಾರ್ಜ್ ಮಾಡಿ ಖಾಲಿ ಮಾಡ್ಬೋದು, ದಿನಕ್ಕೊಂದು ಸಲ ಅಂದ್ರೂ ಎಂಟು ವರ್ಷಕ್ಕೆ ಮೋಸ ಇಲ್ಲ. ಈ ಲಿಥಿಯಂ ಬ್ಯಾಟ್ರಿಗೆ ದಾರಿ ಮಾಡ್ದೋರು ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅಂತ ಮೂರು ಜನ, 2019ರಲ್ಲಿ ನೊಬೆಲ್ ಬಂತು ಅವರಿಗೆ.

ಆದ್ರೂ ಒಂದೊಂದು ಮಿಲ್ಲಿಗೂ ಒಂದೊಂದು ಬ್ಯಾಟ್ರಿ ರೂಮ್ ಕಟ್ಸಿ ಅಂತ ನಾನು ಹೇಳಲ್ಲ, ಅದು ದುಡ್ಡಿರೋರ ಮಾತಾಗ್ತೈತೆ. ನಾನು ಹೇಳೋದು, ಬ್ಯಾಟ್ರಿ ಇರ್ಬೇಕಾಗಿರೋದು ನಮ್ ಸಬ್‌ಸ್ಟೇಷನ್‌ನಲ್ಲಿ. ಮಧ್ಯಾಹ್ನ ಬಿಸಿಲಿನ ಕರೆಂಟ್ ಜಾಸ್ತಿ ಆಗಿ, ಗ್ರಿಡ್ ತಗೊಳ್ಳೋಕೆ ಆಗ್ದೆ, ಉತ್ಪಾದನೆ ಇಳಿಸ್ರಿ ಅನ್ನೋ ಹೊತ್ತಲ್ಲಿ ಅದನ್ನ ಅಲ್ಲೇ ತುಂಬಿಸ್ಕೊಂಡು, ಸಂಜೆ ಅಲ್ಲಿಂದ ಊರಿಗೆ ಹೋಗೋ ಲೈನಿಗೆ, ಫೀಡರ್ ಅಂತೀವಿ, ಅದಕ್ಕೆ ಬಿಡ್ಬೇಕು. ಹಗಲು ಕಣಜಕ್ಕೆ ತುಂಬು, ಸಂಜೆ ಅಳೆದು ಕೊಡು, ಅಷ್ಟೇ. ಇಪ್ಪತ್ತಡಿ ಕಂಟೇನರ್ ಒಂದ್ರಲ್ಲಿ ಈಗ ಐದು ಸಾವಿರ ಯೂನಿಟ್ ಹಿಡಿಸ್ತಾರೆ. ಸಾವಿರ ಮನೆಗೆ ಸಂಜೆ ಎರಡೆರಡು ಯೂನಿಟ್ ಅಂದ್ರೂ ಎರಡು ಸಾವಿರ, ಉಳಿದಿದ್ದು ಮಿಲ್ಲು, ಆಸ್ಪತ್ರೆ, ಹಾಲಿನ ಡೈರಿ ಇವಕ್ಕೆಲ್ಲಾ.

ಇದೇನು ಕನಸಲ್ಲ. ದೆಹಲಿಯ ರೋಹಿಣಿಲಿ 2019ರಲ್ಲೇ ಸಬ್‌ಸ್ಟೇಷನ್ ಒಳಗೇ 10 ಮೆಗಾವ್ಯಾಟ್ ಬ್ಯಾಟ್ರಿ ಕೂರ್ಸಿದ್ರು, 2025ರಲ್ಲಿ ದೆಹಲಿಯಲ್ಲೇ ಕಿಲೋಕರಿಲಿ 20 ಮೆಗಾವ್ಯಾಟ್, ಎರಡು ಗಂಟೆ ಬರೋದು. ಆಸ್ಟ್ರೇಲಿಯಾದ ಕತೆ ನಂಗೆ ಬಾಳ ಇಷ್ಟ. 2016ರ ಸೆಪ್ಟೆಂಬರಲ್ಲಿ ಬಿರುಗಾಳಿಗೆ ಸೌತ್ ಆಸ್ಟ್ರೇಲಿಯಾ ಅನ್ನೋ ರಾಜ್ಯ ಪೂರ್ತಿ ಕತ್ತಲಾಯ್ತು, ಮುಂದಿನ ವರ್ಷವೇ ಹಾರ್ನ್ಸ್‌ಡೇಲ್ ಅನ್ನೋ ಕಡೆ ಗಾಳಿ ಫ್ಯಾನುಗಳ ಪಕ್ಕದಲ್ಲೇ 100 ಮೆಗಾವ್ಯಾಟ್ ಬ್ಯಾಟ್ರಿ ನಿಲ್ಸಿದ್ರು. ದೂರದಲ್ಲೆಲ್ಲೋ ಜನರೇಟರ್ ಟ್ರಿಪ್ ಆಗಿ ಕರೆಂಟಿನ ಫ್ರೀಕ್ವೆನ್ಸಿ, ಸೆಕೆಂಡಿಗೆ ಐವತ್ತು ಸಲ ಇರ್ಬೇಕಾದ್ದು, ಕೆಳಗೆ ಜಾರೋಕೆ ಶುರು ಆದ್ರೆ ಕಣ್ಣು ಮಿಟುಕ್ಸೋದ್ರೊಳಗೆ ಕರೆಂಟ್ ಕೊಡ್ತೈತೆ ಅದು. ನಮ್ ಗುಡ್ಡದ ಮೇಲೂ ಫ್ಯಾನು ಅವೆಯಲ್ರೀ?

ರೈತರ ವಿಷಯ ಬೇರೆ, ಇದನ್ನ ಒಂಚೂರು ಗಮನ ಇಟ್ಟು ಕೇಳ್ರಿ. ಬೋರ್‌ವೆಲ್ಲಿಗೆ ಬ್ಯಾಟ್ರಿ ಬೇಡ. ಹತ್ತು ಎಚ್‌ಪಿ ಮೋಟ್ರು ನಾಲ್ಕು ಗಂಟೆ ಓಡಿದ್ರೆ 30 ಯೂನಿಟ್, ಅಷ್ಟನ್ನ ಬ್ಯಾಟ್ರಿಲಿ ಇಡೋದು ದುಡ್ಡು ಸುಟ್ಟಂಗೆ. ಅದರ ಬದಲು ತ್ರೀ ಫೇಸ್ ಹಗಲೇ ಕೊಡ್ರಿ, ಬಿಸಿಲಿದ್ದಾಗಲೇ ನೀರು ಎತ್ತಿ ಕೃಷಿ ಹೊಂಡಕ್ಕೋ ತೊಟ್ಟಿಗೋ ಬಿಡ್ಲಿ. ಎತ್ತಿಟ್ಟ ನೀರೇ ರೈತನ ಬ್ಯಾಟ್ರಿ, ಲೆಡ್ ಬ್ಯಾಟ್ರಿ ಪ್ಲೇಟಿನಂಗೆ ಅದು ಸಲ್ಫೇಟ್ ಕಟ್ಟಿ ಕೆಡಲ್ಲ, ಅದಕ್ಕೆ ವಾರಂಟಿ ಕಾರ್ಡ್ ಬೇಡ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು ಅಂತ ಟಾರ್ಚ್ ಹಿಡ್ಕೊಂಡು ಅಡಿಕೆ ತೋಟಕ್ಕೆ ಹೋಗೋರನ್ನ, ಹಾವು ಕರಡಿ ಭಯದಲ್ಲಿ ಹೋಗೋರನ್ನ, ನಾನು ನಮ್ ಮನೇಲೇ ನೋಡಿ ಬೆಳೆದೋನು. ನಮ್ಮಪ್ಪ ವಾಪಸ್ ಬಂದು ಚಪ್ಪಲಿ ಬಿಡೋ ಸದ್ದು ಕೇಳೋ ತನಕ ಅಮ್ಮ ಮಲಗ್ತಿರ್ಲಿಲ್ಲ.

ಬ್ಯಾಟ್ರಿ ಎಲ್ಲಾ ಮಾಡ್ತೈತೆ ಅಂತಾನೂ ಹೇಳಲ್ಲ. ಆಷಾಢದ ಗಾಳೀನ ಕೂಡಿಟ್ಟು ಕಾರ್ತೀಕಕ್ಕೆ ಬಳಸೋಕೆ ಆಗಲ್ಲ, ಇವು ಎರಡು ಗಂಟೆ ನಾಲ್ಕು ಗಂಟೆ ಲೆಕ್ಕದವು. 2023ರಲ್ಲಿ ಮಳೆ ಕೈಕೊಟ್ಟು ಅಕ್ಟೋಬರಲ್ಲಿ ಲೋಡ್ ಶೆಡ್ಡಿಂಗ್ ಆಯ್ತಲ್ಲ, ಡ್ಯಾಮಲ್ಲಿ ನೀರಿಲ್ಲ, ಬೋರಿಗೆ ಬೇಡಿಕೆ ಜಾಸ್ತಿ, ಅಂಥ ಬರಕ್ಕೆ ಬ್ಯಾಟ್ರಿ ಒಂದೇ ಮದ್ದಲ್ಲ. ದಿನದ ಸಂಜೆ ಕಾಟಕ್ಕೆ ಮಾತ್ರ ಇದಕ್ಕಿಂತ ಬೇಗ ಆಗೋ ಕೆಲಸ ಇನ್ನೊಂದಿಲ್ಲ.

ಬೆಂಕಿ ಬಗ್ಗೆ ಕೇಳ್ತೀರ, ಕೇಳ್ಲೇಬೇಕು. 2025ರ ಜನವರಿಲಿ ಅಮೆರಿಕದ ಮಾಸ್ ಲ್ಯಾಂಡಿಂಗಲ್ಲಿ ದೊಡ್ಡ ಬ್ಯಾಟ್ರಿ ಪ್ಲಾಂಟಿಗೆ ಬೆಂಕಿ ಬಿತ್ತು. ಅವು ನಿಕ್ಕಲ್ ಜಾತಿ ಸೆಲ್ಲು, ಹಳೇ ಬಿಲ್ಡಿಂಗ್ ಒಳಗೆ ಒತ್ತಿ ಜೋಡಿಸಿದ್ರು. ಅದಕ್ಕೇ ಅವಕ್ಕಿಂತ ಬೆಂಕಿ ಭಯ ಕಮ್ಮಿ ಇರೋ ಎಲ್‌ಎಫ್‌ಪಿ ಹಾಕ್ಬೇಕು, ಬಯಲಲ್ಲಿ ಕಂಟೇನರ್ ಇಟ್ಟು ಮಧ್ಯ ಜಾಗ ಬಿಡ್ಬೇಕು, ಊರಿನ ಫೈರ್ ಸ್ಟೇಷನ್‌ನೋರಿಗೆ ಮೊದ್ಲೇ ಟ್ರೈನಿಂಗ್ ಕೊಡ್ಬೇಕು.

ಇನ್ನೊಂದು, ನಮ್ ಬಿಸಿಲು. ಲೆಡ್ ಆಸಿಡ್ ಬ್ಯಾಟ್ರಿ 25 ಡಿಗ್ರಿ ಮೇಲೆ ಪ್ರತಿ ಹತ್ತು ಡಿಗ್ರಿಗೆ ಅರ್ಧ ಆಯಸ್ಸು ಕಳ್ಕೊಳ್ತೈತೆ. ಒಂದು ಆಫೀಸಲ್ಲಿ ಬ್ಯಾಟ್ರಿ ಎಲ್ಲಾ ತಗಡಿನ ಶೀಟ್ ಕೆಳಗೆ ಇಟ್ಟಿದ್ರು, ಏಪ್ರಿಲಲ್ಲಿ ಹೋಗಿ ಮುಚ್ಚಳ ತೆಗೆದ್ರೆ ಪ್ಲೇಟೇ ಕಾಣ್ತಿತ್ತು, ಡಿಸ್ಟಿಲ್ಡ್ ವಾಟರ್ ಹಾಕಿ ಎಷ್ಟು ತಿಂಗಳಾಗಿತ್ತೋ. ಆಸಿಡ್ ಎಷ್ಟು ಗಟ್ಟಿ ಐತೆ ಅಂತ ಹೈಡ್ರೋಮೀಟರ್ ಬಿಟ್ಟು ನೋಡಿದ್ರೆ 1240 ತೋರಿಸ್ಬೇಕಾದ್ದು 1120. ಎರಡು ವರ್ಷಕ್ಕೆ ಹೊಸಾ ಬ್ಯಾಟ್ರಿ ಸೆಟ್ಟೇ ಸತ್ತೋಯ್ತು. ಲಿಥಿಯಂಗೆ ನೀರು ಹಾಕೋದಿಲ್ಲ ನಿಜ, ಆದ್ರೆ ಕೂಲಿಂಗ್ ಕೆಟ್ರೆ ಅದೂ ಸಾಯ್ತೈತೆ. ಅದಕ್ಕೆ ತಂದಿಡೋ ಟೆಂಡರ್ ಜೊತೆಗೇ ಹದಿನೈದು ವರ್ಷ ನೋಡ್ಕೊಳ್ಳೋ ಟೆಂಡರೂ ಆಗ್ಬೇಕು, ನಮ್ಮೂರ ಐಟಿಐ ಹುಡುಗ್ರಿಗೇ ಆ ಕೆಲಸ ಕಲಿಸ್ಬೇಕು.

ಕರೆಂಟ್ ದರ ಏರಿಸೋ ಮುಂಚೆ ಕೆಇಆರ್‌ಸಿಯೋರು, ಅಂದ್ರೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದೋರು, ಜನರ ಆಕ್ಷೇಪಣೆ ಕೇಳ್ತಾರೆ, ಬರೆದು ಕೊಡ್ಬೋದು, ಯಾರು ಬೇಕಾದ್ರೂ. ಈ ಸಲ ನಾನು ಕೊಡ್ತಾ ಇದೀನಿ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೇಲಿ ಸಂಜೆ ಜಾಸ್ತಿ ಟ್ರಿಪ್ ಆಗೋ ಫೀಡರ್ ಯಾವ್ಯಾವು, ಅವುಗಳ ಸಬ್‌ಸ್ಟೇಷನ್‌ಗೆ ಬ್ಯಾಟ್ರಿ ಯಾವಾಗ, ಈ ಎರಡೇ ಪ್ರಶ್ನೆ. ಆ ಮಿಲ್ಲಿನ ಯಜಮಾನ್ರೂ ಸೈನ್ ಹಾಕ್ತೀನಿ ಅಂದಿದಾರೆ. ನಿಮ್ಮೂರ ಫೀಡರ್ ಹೆಸರು, ಕರೆಂಟ್ ಹೋಗೋ ಟೈಮು ಒಂದು ವಾರ ಬರೆದಿಟ್ಕೊಂಡು ಕಳ್ಸ್ರಿ, ಅರ್ಜಿ ಜೊತೆ ಲಗತ್ತಿಸ್ತೀನಿ.