ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಎಲ್ಲಿ?

ನಮಸ್ಕಾರ. ಮನೆತನದ ಇತಿಹಾಸ ಹುಡುಕುತ್ತಿದ್ದೇನೆ ಅಂದ ಕೂಡಲೇ ಜನ ಕೇಳುವುದು, ‘ಎಷ್ಟು ತಲೆಮಾರು ಸಿಕ್ಕಿತು?’ ಅದರ ಹಿಂದೆಯೇ, ‘ಪಾಳೇಗಾರರು ಯಾರಾದರೂ ಇದ್ದರಾ?’ ಇಲ್ಲ ಸ್ವಾಮಿ. ನಮ್ಮದು ತುಮಕೂರು ಕಡೆಯ ರಾಗಿ, ಹುರುಳಿ ಬೆಳೆದ ಮನೆ. ಏಳು ತಲೆಮಾರಿನ ಗಂಡಸರ ಪಟ್ಟಿ ನನಗೆ ಬೇಡ. ಮೂರೇ ತಲೆಮಾರು ಸಿಗಲಿ, ಅದರಲ್ಲಿ ಹೆಂಗಸರೆಲ್ಲ ಇರಲಿ.

ವಾರದ ದಿನಗಳಲ್ಲಿ ಈ ಕೆಲಸ ರಾತ್ರಿ ಊಟ ಆದ ಮೇಲೆ. ಜಮೀನು ಯಾರ ಹೆಸರಲ್ಲಿದೆ ಅಂತ ಹೇಳುವ ಹಳೇ ಪಹಣಿ, ಖಾತೆ ಬದಲಾದ ಮ್ಯುಟೇಶನ್ ನಕಲು ಹರಡಿಕೊಂಡು ಕೂರುತ್ತೇನೆ. ಸರ್ಕಾರದ ‘ಭೂಮಿ’ ಯೋಜನೆ ಬಂದ ಮೇಲೆ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನ ಕೈಬರಹದ್ದು ಬೇಕೆಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಹಾಕಬೇಕು.

ಅದರಲ್ಲಿ ಗಂಡಸಿಗೆ ‘ಬಿನ್’ ಅಂತ ಅಪ್ಪನ ಹೆಸರು, ಹೆಂಗಸಿಗೆ ‘ಕೋಂ’ ಅಂತ ಗಂಡನ ಹೆಸರು. ಹೆಂಗಸಿನ ಹೆಸರು ಅಲ್ಲಿಗೆ ಬರುವುದೂ ಬಹಳ ಸಲ ಗಂಡ ತೀರಿಕೊಂಡು ಪೌತಿ ಖಾತೆ ಆದಾಗ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬಂದಾಗ. ಅಲ್ಲಿಯವರೆಗೆ ಅದೇ ಹೊಲದಲ್ಲಿ ನಾಟಿ ಹಾಕಿ, ಕಳೆ ಕಿತ್ತವಳಿಗೆ ಒಂದು ಸಾಲೂ ಇಲ್ಲ. ಅವಳ ತವರು ಯಾವುದು ಅಂತ ಯಾವ ರಿಜಿಸ್ಟರೂ ಹೇಳುವುದಿಲ್ಲ. ಬೆಳಗಾವಿ, ಗದಗ ಕಡೆಯವರಿಗಾದರೆ ಎತ್ತಿನ ಮೇಲೆ ಬಂದು ಮನೆತನದ ಹೆಸರು ಹೇಳುವ ಹೆಳವರಿದ್ದಾರೆ. ನಮ್ಮ ಮನೆಗೆ ಇರುವುದು ಸೋದರತ್ತೆ ಒಬ್ಬರೇ.

ಹಾಗಾಗಿ ಭಾನುವಾರ ಮನೆಮಂದಿಯೆಲ್ಲ ಅತ್ತೆಯ ಮನೆಗೆ. ಮಗಳು ಫೋನಿನಲ್ಲಿ ರೆಕಾರ್ಡ್ ಮಾಡುತ್ತಾಳೆ, ನಾನು ಅವರೇಕಾಯಿ ಸುಲಿಯುತ್ತೇನೆ. ಪೆನ್ನು ಹಿಡಿದು ಎದುರಿಗೆ ಕೂತರೆ ಅತ್ತೆ ‘ಅಯ್ಯೋ, ನಂಗೇನ್ ಗೊತ್ತಪ್ಪಾ’ ಅಂದುಬಿಡುತ್ತಾರೆ. ಕೈಗೆ ಕೆಲಸ ಇದ್ದರೆ ಮಾತು ತಾನಾಗೇ ಬರುತ್ತದೆ.

ಅತ್ತೆಗೆ ಇಸವಿ ಗೊತ್ತಿಲ್ಲ, ಸಂವತ್ಸರ ಗೊತ್ತು. ಅವರಮ್ಮ, ಅಂದರೆ ನಮ್ಮಜ್ಜಿ, ಹುಟ್ಟಿದ್ದು ಕಾಳಯುಕ್ತಿಯಲ್ಲಿ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1858, 1918, 1978, ಇದರಲ್ಲಿ ಯಾವುದು? ‘ಆ ವರ್ಷ ಜ್ವರ ಬಂದು ಮನೆಮನೆಯಲ್ಲೂ ಸಾವಂತೆ’ ಅಂದರು. 1918ರ ಇನ್‌ಫ್ಲುಯೆಂಜಾ. ಲೆಕ್ಕ ಸರಿಹೋಯಿತು.

ಇನ್ನೂ ಹಿಂದಕ್ಕೆ ಹೋದರೆ ತಾತನ ಅಜ್ಜಿ. ಧಾತು, ಈಶ್ವರ ಸಂವತ್ಸರದ ಬರದಲ್ಲಿ ಶಿರಾ ಕಡೆಯಿಂದ ಅಮ್ಮನ ಕೈ ಹಿಡಿದು ನಡೆದು ಬಂದ ಕೂಸು ಅಂತೆ. ಅದು 1876ರಿಂದ 78ರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ ಸುಮಾರು 50 ಲಕ್ಷ. 1881ಕ್ಕೆ ಸುಮಾರು 42 ಲಕ್ಷ. ಆ ಅಂಕಿ ಮೊದಲೂ ಓದಿದ್ದೆ, ಓದಿ ಪುಟ ತಿರುಗಿಸಿದ್ದೆ. ಅತ್ತೆ ಹೇಳಿದ ಮೇಲೆ ಹಾಗೆ ತಿರುಗಿಸೋಕೆ ಆಗಲಿಲ್ಲ. ಆ ಮಗುವನ್ನು ನಡೆಸಿಕೊಂಡು ಬಂದ ತಾಯಿಯ ಹೆಸರು ಅತ್ತೆಗೂ ಗೊತ್ತಿಲ್ಲ. ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ, ಅಳಿಸಿಲ್ಲ.

ನನ್ನ ಜಗಳ ಇರುವುದು ಇಲ್ಲಿ. ಆಸ್ತಿ ಭಾಗಕ್ಕೆಂದು ನಾಡಕಚೇರಿಗೆ ವಂಶವೃಕ್ಷ ಬರೆದು ಕೊಡುವಾಗ ಹೆಣ್ಣುಮಕ್ಕಳನ್ನು ಮೆಲ್ಲಗೆ ಬಿಟ್ಟುಬಿಡುವ ಮನೆಗಳು ಈಗಲೂ ಇವೆ. ‘ಮದುವೆ ಮಾಡಿ ಕಳಿಸಿ ಆಯ್ತಲ್ಲ’ ಅನ್ನುವ ನ್ಯಾಯ. ಕರ್ನಾಟಕದಲ್ಲಿ 1994ರಲ್ಲೇ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಪಾಲು ಬಂತು. ಅಷ್ಟರಲ್ಲೇ ಮದುವೆಯಾದವರಿಗೆ ಇಲ್ಲ ಅಂತ ಷರತ್ತು ಇತ್ತು. 2005ರ ಕೇಂದ್ರದ ತಿದ್ದುಪಡಿಯಲ್ಲಿ ಅದೂ ಹೋಯಿತು. ಆದರೂ ಆ ಅರ್ಧಂಬರ್ಧ ಕಾಗದವನ್ನೇ ಮುಂದಿಟ್ಟುಕೊಂಡು ‘ಇದೇ ನಮ್ಮ ಮನೆತನ’ ಅಂತ ಫ್ರೇಮ್ ಹಾಕಿಸುತ್ತಾರಲ್ಲ, ಅದು ನನಗೆ ಸಹಿಸೋಕಾಗಲ್ಲ. ಆಸ್ತಿ ವ್ಯಾಜ್ಯ ನಿಮ್ಮ ವಕೀಲರು ನೋಡಿಕೊಳ್ಳಲಿ. ಗೋಡೆಯ ಮೇಲಿನ ಪಟ್ಟಿಗೆ ಯಾರ ಸಹಿಯೂ ಬೇಕಿಲ್ಲ, ಅಲ್ವಾ? ಅಲ್ಲೂ ಅಕ್ಕತಂಗಿಯರನ್ನು ಬಿಡುವುದು ಯಾಕೆ?

ಪಿತೃಪಕ್ಷದಲ್ಲಿ ಎಡೆ ಇಡುವ ದಿನ ನೆಂಟರೆಲ್ಲ ಸೇರುತ್ತಾರೆ. ಅಜ್ಜಿಗೆ ಯಾವ ತಿಂಡಿ ಇಷ್ಟ ಅಂತ ನೆನೆಸಿಕೊಂಡು ಮಾಡುತ್ತಾರೆ. ಆ ದಿನ ಒಂದು ದೊಡ್ಡ ಹಾಳೆ ಅಂಟಿಸಿ, ಹಿರಿಯ ಹೆಂಗಸರ ಪಕ್ಕ ಕೂತುಕೊಳ್ಳಿ. ತವರು ಯಾವ ಊರು, ಮದುವೆಗೆ ಮುಂಚೆ ಏನಂತ ಕರೆಯುತ್ತಿದ್ದರು, ಎಳೆಯದರಲ್ಲೇ ಹೋದ ಮಕ್ಕಳಿದ್ದವಾ, ಕೇಳಿ ಬರೆದುಕೊಳ್ಳಿ. ಗಂಡಸರ ಹೆಸರಿಗೆ ಅವಸರ ಬೇಡ, ಅದು ಪಹಣಿಯಲ್ಲಿ ಸಿಗುತ್ತದೆ.