ನೂರು ವಾಟ್ ಇದ್ದರೂ ಸ್ಪೀಕರ್‌ಗೆ ಯಾಕೆ ಸಾಲದು? ಆಂಪ್ಲಿಫೈಯರ್, ರಿಸೀವರ್ ಆರಿಸುವ ಬಗೆ

[ತೆರೆಯ ಮೇಲೆ: ರಿಸೀವರ್ ಡಬ್ಬ ಹತ್ತಿರದಿಂದ. ‘ಚಾನೆಲ್‌ಗೆ 100 ವಾಟ್’ ಎಂಬ ಬರಹ]

ನಮಸ್ಕಾರ. ಮನೆಗೆ ಒಳ್ಳೆಯ ಸ್ಪೀಕರ್ ಬಂದಿದೆ. ರಿಸೀವರ್ ಅಂದರೆ ಸ್ಪೀಕರ್‌ಗೆ ಪವರ್ ಕೊಡುವ ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆ. ಅದರ ಡಬ್ಬದ ಮೇಲೆ ನೂರು ವಾಟ್ ಅಂತ ದಪ್ಪ ಅಕ್ಷರದಲ್ಲಿದೆ. ಆದರೂ ವಾಲ್ಯೂಮ್ ಸ್ವಲ್ಪ ಏರಿಸಿದರೆ ಮೃದಂಗದ ತೊಪ್ಪಿಯ ಪೆಟ್ಟು ಮೆತ್ತಗಾಗುತ್ತದೆ, ಹಾಡುವವರ ದನಿ ಒರಟಾಗುತ್ತದೆ. ಕೆಲವು ಸಲ ರಿಸೀವರ್ ಟಕ್ ಅಂತ ತಾನಾಗಿಯೇ ಆಫ್ ಆಗಿಬಿಡುತ್ತದೆ. ಅಂಗಡಿಯಲ್ಲಿ ಕೇಳಿದರೆ, "ಇನ್ನೂ ಜಾಸ್ತಿ ವಾಟಿಂದು ತಗೊಳ್ಳಿ ಸರ್" ಅನ್ನುತ್ತಾರೆ.

ನಾನು ಹೇಳುವುದು ಬೇರೆ. ವಾಟ್ ಎಷ್ಟು ಅನ್ನುವುದನ್ನು ಕೊನೆಗೆ ನೋಡಿ. ಮೊದಲು ಸ್ಪೀಕರ್‌ನ ವಿವರದ ಹಾಳೆಯಲ್ಲಿ ಎರಡು ಅಂಕಿ ಹುಡುಕಿ. ಒಂದು ಸೆನ್ಸಿಟಿವಿಟಿ, ಇನ್ನೊಂದು ಕನಿಷ್ಠ ಇಂಪಿಡೆನ್ಸ್, ಅಂದರೆ ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆ, ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಆಮೇಲೆ ಆಂಪ್ಲಿಫೈಯರ್‌ನ ಹಾಳೆಯಲ್ಲಿ 4 ಓಮ್‌ಗೆ ಎಷ್ಟು ವಾಟ್ ಅಂತ ಇದೆಯೋ ನೋಡಿ. ನೂರು ವಾಟಿನ ಗುಟ್ಟು ಅಲ್ಲಿ ಗೊತ್ತಾಗುತ್ತದೆ.

ಡಬ್ಬದ ಮೇಲಿನ ವಾಟ್ ಬಗ್ಗೆ ನನಗೆ ಅನುಮಾನ ಯಾಕೆ ಅಂದರೆ, 90ರ ದಶಕದ ಮ್ಯೂಸಿಕ್ ಸಿಸ್ಟಂಗಳು ನೆನಪಿದೆಯಾ? ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಮಿನುಗುವ ಸ್ಟಿಕರ್ ಇರುತ್ತಿತ್ತು. ಒಂದೇ ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಗೆ ಸಾವಿರಗಟ್ಟಲೆ ವಾಟ್! ಅಡುಗೆಮನೆಯ ಮಿಕ್ಸಿಗೂ ಅಷ್ಟಿಲ್ಲ. ಅಮೆರಿಕದಲ್ಲೂ ಈ ಗೋಳು ಇತ್ತು. ಅದಕ್ಕೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ವಾಟ್ ಹೇಗೆ ಅಳೆಯಬೇಕು ಅಂತ ನಿಯಮ ಮಾಡಿತು. ಐವತ್ತು ವರ್ಷದ ನಂತರ, 2024ರಲ್ಲಿ, ಅದನ್ನು ಮತ್ತೆ ಬಿಗಿ ಮಾಡಬೇಕಾಯಿತು. ಈಗ ಅಲ್ಲಿ 8 ಓಮ್ ಲೋಡ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಡಿಸ್ಟಾರ್ಷನ್ (ಸದ್ದು ಕೆಡುವ ಪ್ರಮಾಣ) ಶೇಕಡಾ 1 ದಾಟದಂತೆ ಅಳೆದು ಹೇಳಬೇಕು. ಇದು ಒಳ್ಳೆಯ ನಿಯಮವೇ. ಆದರೆ ನಿಮ್ಮ ಸ್ಪೀಕರ್ 8 ಓಮ್‌ನಲ್ಲೇ ಇರುತ್ತದೆ ಅಂತ ಯಾರು ಹೇಳಿದರು? ಆ ವಿಷಯಕ್ಕೆ ಬರುತ್ತೇನೆ.

[ತೆರೆಯ ಮೇಲೆ: ಸ್ಪೀಕರ್ ವಿವರದ ಹಾಳೆ. ಸೆನ್ಸಿಟಿವಿಟಿ ಸಾಲಿಗೆ ಬಣ್ಣ]

ಮೊದಲು ಸೆನ್ಸಿಟಿವಿಟಿ. ಸ್ಪೀಕರ್‌ಗೆ 2.83 ವೋಲ್ಟ್ ಕೊಟ್ಟು, 1 ಮೀಟರ್ ದೂರದಲ್ಲಿ ಮೈಕ್ ಇಟ್ಟರೆ ಎಷ್ಟು ಡೆಸಿಬಲ್ (ಡಿಬಿ) ಸದ್ದು ಬರುತ್ತದೆ ಅನ್ನುವ ಲೆಕ್ಕ. ಈ ವಿಚಿತ್ರ 2.83 ಎಲ್ಲಿಂದ ಬಂತು ಅಂದರೆ, 8 ಓಮ್‌ಗೆ ಅಷ್ಟು ವೋಲ್ಟ್ ಕೊಟ್ಟಾಗ ಸರಿಯಾಗಿ 1 ವಾಟ್ ಆಗುತ್ತದೆ. ಇಲ್ಲೊಂದು ಸಣ್ಣ ಕಣ್ಕಟ್ಟು ಇದೆ. 4 ಓಮ್ ಸ್ಪೀಕರ್‌ಗೆ ಅದೇ 2.83 ವೋಲ್ಟ್ ಕೊಟ್ಟರೆ 2 ವಾಟ್ ಹೋಗುತ್ತದೆ. ಹಾಗಾಗಿ 4 ಓಮ್ ಸ್ಪೀಕರ್‌ನ ಹಾಳೆಯಲ್ಲಿ 87 ಡಿಬಿ ಅಂತಿದ್ದರೆ, 1 ವಾಟ್ ಲೆಕ್ಕದಲ್ಲಿ ಅದು 84 ಮಾತ್ರ.

ಈಗ ಕೆಇಎಫ್ ಕಂಪನಿಯ ಎಲ್ಎಸ್50 ಮೆಟಾ ಅನ್ನುವ ಸ್ಪೀಕರ್ ತಗೊಳ್ಳೋಣ. 85 ಡಿಬಿ. ಒಂದು ವಾಟ್‌ಗೆ ಒಂದು ಮೀಟರ್‌ನಲ್ಲಿ 85. ಎರಡು ಸ್ಪೀಕರ್ ಇರುವುದರಿಂದ 3 ಸೇರಿಸಿ, 88. ನೀವು ಕೂರುವುದು 3 ಮೀಟರ್ ದೂರದಲ್ಲಿ. ಬಯಲಲ್ಲಾದರೆ ಒಂಬತ್ತೂವರೆ ಡಿಬಿ ಕಳೆಯಬೇಕಿತ್ತು. ಕೋಣೆಯ ಗೋಡೆಗಳು ಸ್ವಲ್ಪ ವಾಪಸ್ ಕೊಡುತ್ತವೆ, ಆದ್ದರಿಂದ ಸುಮಾರಾಗಿ 6 ಕಳೆಯಿರಿ. 82 ಉಳಿಯಿತು. ಮನೆಯಲ್ಲಿ ಖುಷಿಯಾಗಿ, ಸ್ವಲ್ಪ ಜೋರಾಗಿಯೇ ಕೇಳುವಾಗ ಸರಾಸರಿ ಸದ್ದು 80 ಡಿಬಿ ಅಂತಿಟ್ಟುಕೊಳ್ಳಿ. ಅಂದರೆ 1 ವಾಟ್ ಕೂಡ ಬೇಡ!

ಹಾಗಾದರೆ ಇಷ್ಟೆಲ್ಲ ತಲೆಬಿಸಿ ಯಾಕೆ? ಯಾಕೆಂದರೆ ಸಂಗೀತ ಸರಾಸರಿಯಲ್ಲಿ ನಡೆಯುವುದಿಲ್ಲ. ತನಿ ಆವರ್ತನದಲ್ಲಿ ಒಂದು ಗಟ್ಟಿ ಪೆಟ್ಟು, ಡೊಳ್ಳಿನ ಒಂದು ಏಟು, ಆರ್ಕೆಸ್ಟ್ರಾ ಒಮ್ಮೆಲೇ ಏಳುವ ಕ್ಷಣ. ಒಳ್ಳೆಯ ರೆಕಾರ್ಡಿಂಗ್‌ನಲ್ಲಿ ಇವು ಸರಾಸರಿಗಿಂತ 20 ಡಿಬಿ ಮೇಲೆ ಜಿಗಿಯಬಹುದು. ಅಂದರೆ 100 ಡಿಬಿ ಬೇಕು, ಕಣ್ಣು ಮಿಟುಕಿಸುವಷ್ಟು ಹೊತ್ತು. ಪ್ರತಿ 3 ಡಿಬಿಗೂ ವಾಟ್ ದುಪ್ಪಟ್ಟಾಗುತ್ತದೆ, ಪ್ರತಿ 10 ಡಿಬಿಗೆ ಹತ್ತು ಪಟ್ಟು. 82ರಿಂದ 100ಕ್ಕೆ ಹೋಗಲು ಸುಮಾರು 63 ವಾಟ್ ಬೇಕು. ಅದೇ ಕೋಣೆಯಲ್ಲಿ 92 ಡಿಬಿ ಸ್ಪೀಕರ್ ಇಟ್ಟರೆ 13 ವಾಟ್ ಸಾಕು. 82 ಡಿಬಿ ಸ್ಪೀಕರ್ ಆದರೆ 126 ವಾಟ್. ಕೇಳಿಸುವ ಸದ್ದು ಮೂರರಲ್ಲೂ ಒಂದೇ.

[ತೆರೆಯ ಮೇಲೆ: ಮೂರು ಸ್ಪೀಕರ್, ಕೆಳಗೆ 13, 63, 126 ವಾಟ್]

ಕಂಪನಿಯವರು ಸೆನ್ಸಿಟಿವಿಟಿ ಕಡಿಮೆ ಇಟ್ಟು ನಮಗೆ ಸುಮ್ನೆ ಕಷ್ಟ ಕೊಡುತ್ತಿಲ್ಲ. ಚಿಕ್ಕ ಪೆಟ್ಟಿಗೆ, ಆಳವಾದ ಬೇಸ್, ಹೆಚ್ಚು ಸೆನ್ಸಿಟಿವಿಟಿ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಬಹುದು. ಇದಕ್ಕೆ ಹಾಫ್‌ಮನ್ನನ ಕಬ್ಬಿಣದ ನಿಯಮ ಅನ್ನುತ್ತಾರೆ. ಅಮೆರಿಕದ ಕೆಎಲ್ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ ‘ಎಚ್’ ಈ ಹಾಫ್‌ಮನ್ನನದೇ. ಫ್ಲ್ಯಾಟಿನ ಹಾಲ್‌ಗೆ ಒಪ್ಪುವ ಪುಟ್ಟ ಸ್ಪೀಕರ್‌ನಿಂದ ಆಳದ ಬೇಸ್ ಬರಬೇಕು ಅಂದರೆ ಅದರ ಬೆಲೆಯನ್ನು ಆಂಪ್ಲಿಫೈಯರ್ ತೆರುತ್ತದೆ.

ಈಗ ಎರಡನೆಯ ಅಂಕಿ, ಕನಿಷ್ಠ ಇಂಪಿಡೆನ್ಸ್. ನನ್ನ ಪ್ರಕಾರ ಮುಖ್ಯವಾದದ್ದು ಇದು, ಆದರೆ ಇದನ್ನು ನೋಡುವವರು ಕಡಿಮೆ.

ಸ್ಪೀಕರ್ ಹಿಂದೆ ‘8 ಓಮ್’ ಅಂತ ಬರೆದಿರುತ್ತದೆ. ಅದು ಒಂದು ಅಂದಾಜು ಅಷ್ಟೇ. ಸ್ವರ ಬದಲಾದಂತೆ ಓಮ್ ಬದಲಾಗುತ್ತದೆ. ಒಂದು ಕಡೆ 30 ಓಮ್‌ಗೆ ಏರಬಹುದು, ಇನ್ನೊಂದು ಕಡೆ 3ಕ್ಕೆ ಇಳಿಯಬಹುದು. ಬೋವರ್ಸ್ ಅಂಡ್ ವಿಲ್ಕಿನ್ಸ್‌ನ 802 ಡಿ3 ನೋಡಿ. ಸೆನ್ಸಿಟಿವಿಟಿ 90 ಡಿಬಿ, ಇಂಪಿಡೆನ್ಸ್ 8 ಓಮ್. ಸುಲಭದ ಸ್ಪೀಕರ್ ಅಲ್ವಾ ಅನ್ನಿಸುತ್ತದೆ. ಅದೇ ಸಾಲಿನಲ್ಲಿ ಮುಂದೆ ಓದಿ: ಕನಿಷ್ಠ 3 ಓಮ್.

ಇದರಿಂದ ಆಂಪ್ಲಿಫೈಯರ್‌ಗೆ ಏನಾಗುತ್ತದೆ? 8 ಓಮ್‌ಗೆ 100 ವಾಟ್ ಕೊಡುವ ಆಂಪ್ಲಿಫೈಯರ್ (ಚಿಕ್ಕದಾಗಿ ಆಂಪ್) ಸುಮಾರು 28 ವೋಲ್ಟ್ ಕೊಡುತ್ತಿರುತ್ತದೆ, ಮೂರೂವರೆ ಆಂಪಿಯರ್ ಕರೆಂಟ್ ಹರಿಯುತ್ತದೆ. ಅದೇ 28 ವೋಲ್ಟ್, ಆದರೆ ಸ್ಪೀಕರ್ 4 ಓಮ್‌ಗೆ ಇಳಿದರೆ 7 ಆಂಪಿಯರ್. 2 ಓಮ್ ಆದರೆ 14. ವಾಲ್ಯೂಮ್ ಗುಂಡಿಯನ್ನು ನೀವು ಮುಟ್ಟೇ ಇಲ್ಲ! ಅಷ್ಟು ಕರೆಂಟ್ ಕೊಡಲು ದೊಡ್ಡ ಟ್ರಾನ್ಸ್‌ಫಾರ್ಮರ್, ದೊಡ್ಡ ಕೆಪಾಸಿಟರ್, ಶಾಖ ಹೊರಹಾಕುವ ಹೀಟ್ ಸಿಂಕ್ ಬೇಕು. ಇಲ್ಲದಿದ್ದರೆ ಪ್ರೊಟೆಕ್ಷನ್ ಸರ್ಕ್ಯೂಟ್ ಆಂಪನ್ನು ಆಫ್ ಮಾಡಿಬಿಡುತ್ತದೆ. ಆರಂಭದಲ್ಲಿ ಹೇಳಿದ ಆ ಟಕ್ ಸದ್ದು ಅದೇ.

ಇದರ ಜೊತೆ ಫೇಸ್ ಆಂಗಲ್ ಅಂತ ಇನ್ನೊಂದಿದೆ. ವೋಲ್ಟೇಜ್ ಮತ್ತು ಕರೆಂಟ್ ಹೆಜ್ಜೆ ತಪ್ಪಿ ನಡೆದರೆ ಆಂಪ್‌ನ ಟ್ರಾನ್ಸಿಸ್ಟರ್‌ಗಳು ಇನ್ನೂ ಬಿಸಿಯಾಗುತ್ತವೆ. ಕಂಪನಿಯ ಹಾಳೆಯಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಸ್ಟೀರಿಯೋಫೈಲ್ ಪತ್ರಿಕೆ ಸ್ಪೀಕರ್ ವಿಮರ್ಶೆಯ ಜೊತೆ ಅಳತೆ ಮಾಡಿದ ಗ್ರಾಫ್ ಹಾಕುತ್ತದೆ. ನಿಮ್ಮ ಮಾಡೆಲ್ ಅಲ್ಲಿ ಸಿಕ್ಕರೆ ಆ ಗ್ರಾಫ್ ನೋಡಿ. ಓಮ್ ತುಂಬಾ ಕೆಳಗಿರುವ ಜಾಗದಲ್ಲೇ ಫೇಸ್ ಗೆರೆ ಸೊನ್ನೆಯಿಂದ ದೂರ ಹೋಗಿದ್ದರೆ ಆ ಸ್ಪೀಕರ್ ಆಂಪ್‌ಗೆ ಭಾರ.

ಹಾಗಾಗಿ ‘ಪವರ್ ತಿನ್ನುವ ಸ್ಪೀಕರ್’ ಅಂದರೆ ಎಲ್ಲವೂ ಒಂದೇ ಥರ ಅಲ್ಲ. ಬಿಬಿಸಿಯವರು ಹೊರಾಂಗಣ ಪ್ರಸಾರದ ವ್ಯಾನ್‌ಗಾಗಿ ಮಾಡಿಸಿದ ಎಲ್ಎಸ್3/5ಎ ಇದೆಯಲ್ಲ, ಅದರ ಸೆನ್ಸಿಟಿವಿಟಿ ಬರೀ 82-83 ಡಿಬಿ. ಆದರೆ ಮೊದಲ ಮಾದರಿ 15 ಓಮ್‌ನದು. ಕರೆಂಟ್ ಜಾಸ್ತಿ ಕೇಳುವುದಿಲ್ಲ, ಹತ್ತಿರ ಕೂತು ಕೇಳಿದರೆ ಚಿಕ್ಕ ವಾಲ್ವ್ ಆಂಪ್ ಕೂಡ ನಡೆಯುತ್ತದೆ. ಅಮೆರಿಕದ ಮ್ಯಾಗ್ನೆಪ್ಯಾನ್ ಇದಕ್ಕೆ ತದ್ವಿರುದ್ಧ. ಹಲಗೆಯಂತೆ ಚಪ್ಪಟೆ ಸ್ಪೀಕರ್, ಸೆನ್ಸಿಟಿವಿಟಿ ಕಡಿಮೆ, ಮೇಲಾಗಿ 4 ಓಮ್. ಅದಕ್ಕೆ ವೋಲ್ಟೇಜೂ ಬೇಕು, ಕರೆಂಟೂ ಬೇಕು. ಓಮ್ ಜಾಸ್ತಿ ಏರಿಳಿಯುವುದಿಲ್ಲ ಅನ್ನುವುದೊಂದೇ ಸಮಾಧಾನ. ಅತಿರೇಕ ನೋಡಬೇಕಾ? 1980ರ ದಶಕದ ಅಪೋಜಿ ಸಿಂಟಿಲಾ. ಸುಮಾರು 1 ಓಮ್! ಅದಕ್ಕೆ ಹಾಕಿದರೆ ಆ ಕಾಲದ ಎಷ್ಟೋ ಆಂಪ್‌ಗಳು ಕೈಚೆಲ್ಲುತ್ತಿದ್ದವು. ಕ್ರೆಲ್ ಆಂಪ್‌ಗಳಿಗೆ ಹೆಸರು ಬಂದಿದ್ದು ಇಂಥ ಸ್ಪೀಕರ್‌ಗಳನ್ನು ನಿಭಾಯಿಸಿದ್ದರಿಂದ.

[ತೆರೆಯ ಮೇಲೆ: ಎರಡು ಆಂಪ್ಲಿಫೈಯರ್‌ಗಳ 8 ಓಮ್, 4 ಓಮ್ ವಾಟ್ ಪಕ್ಕಪಕ್ಕದಲ್ಲಿ]

ಸರಿ, ಆಂಪ್ಲಿಫೈಯರ್ ಹಾಳೆಗೆ ಬರೋಣ. 8 ಓಮ್‌ಗೆ ಎಷ್ಟು, 4 ಓಮ್‌ಗೆ ಎಷ್ಟು? ಓಮ್ ಅರ್ಧವಾದಾಗ ವಾಟ್ ದುಪ್ಪಟ್ಟಾದರೆ ಪವರ್ ಸಪ್ಲೈ ಗಟ್ಟಿ ಇದೆ ಅಂತ ಅರ್ಥ. ಪೂರ್ತಿ ದುಪ್ಪಟ್ಟು ಆಗಲೇಬೇಕು ಅಂತಿಲ್ಲ, ಒಂದೂವರೆ ಪಟ್ಟು ದಾಟಿದರೂ ಪರವಾಗಿಲ್ಲ. ಎನ್ಎಡಿ ಸಿ 298 ಅನ್ನುವ ಪವರ್ ಆಂಪ್ 8 ಓಮ್‌ಗೆ 185, 4 ಓಮ್‌ಗೆ 340 ವಾಟ್ ಕೊಡುತ್ತದೆ. 4 ಓಮ್ ಸಾಲೇ ಇಲ್ಲದಿದ್ದರೆ, ಅಥವಾ ‘6 ಓಮ್‌ಗಿಂತ ಕಡಿಮೆ ಬೇಡ’ ಅಂತಿದ್ದರೆ, ಕಷ್ಟದ ಸ್ಪೀಕರ್‌ಗೆ ಅದನ್ನು ತರಬೇಡಿ.

ಸಿ 298 ಕ್ಲಾಸ್ ಡಿ ಆಂಪ್, ಅಂದರೆ ಟ್ರಾನ್ಸಿಸ್ಟರ್‌ಗಳನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ಕೆಲಸ ಮಾಡುವ ಬಗೆ. ಕ್ಲಾಸ್ ಡಿ ಅಂದರೆ ಸಬ್‌ವೂಫರ್‌ಗೆ ಮಾತ್ರ ಲಾಯಕ್ಕು ಅನ್ನುವ ಮಾತನ್ನು ಈಗಲೂ ಕೇಳುತ್ತೇನೆ. ಅದು ಹಳೇ ಕಥೆ. ಹೈಪೆಕ್ಸ್, ಪ್ಯೂರಿಫೈ ಕಂಪನಿಗಳ ಕ್ಲಾಸ್ ಡಿ ಮಾಡ್ಯೂಲ್‌ಗಳು ಬಂದ ಮೇಲೆ ಕಡಿಮೆ ಶಾಖ, ಕಡಿಮೆ ತೂಕದಲ್ಲಿ ಗಟ್ಟಿ ಪವರ್ ಸಿಗುತ್ತಿದೆ. ಬೇಸಿಗೆಯಲ್ಲಿ, ಸದಾ ಬಿಸಿಯಾಗಿರುವ ಕ್ಲಾಸ್ ಎ ಆಂಪ್ ಜೊತೆ ಒಂದೇ ಕೋಣೆಯಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು.

ಇನ್ನು ರಿಸೀವರ್. ಡಿಕೋಡರ್, ಎಚ್‌ಡಿಎಂಐ, ರೂಮ್ ಕರೆಕ್ಷನ್, ಏಳೋ ಒಂಬತ್ತೋ ಆಂಪ್‌ಗಳು, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಎಲ್ಲಕ್ಕೂ ಪವರ್ ಬರುವುದು ಒಂದೇ ಕಡೆಯಿಂದ. ಡೆನಾನ್ ಎವಿಆರ್-ಎಕ್ಸ್3800ಎಚ್ ಉದಾಹರಣೆ ತಗೊಳ್ಳಿ. ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರ್‌ಗೆ, 105 ವಾಟ್, 8 ಓಮ್, ಡಿಸ್ಟಾರ್ಷನ್ ಶೇಕಡಾ 0.05. ಪ್ರಾಮಾಣಿಕ ಅಂಕಿಯೇ. ಆದರೆ ಪಕ್ಕದಲ್ಲಿ ಇನ್ನೊಂದು ಷರತ್ತಿದೆ, ಎರಡು ಚಾನೆಲ್ ಮಾತ್ರ ನಡೆಯುವಾಗ. ಒಳಗೆ ಒಂಬತ್ತು ಚಾನೆಲ್ ಇವೆ. ಇದು ಆ ಕಂಪನಿಯ ತಪ್ಪಲ್ಲ, ಬಹುತೇಕ ಎವಿ ರಿಸೀವರ್‌ಗಳು ಹೀಗೇ. ಕೆಲವು ಡಬ್ಬಗಳ ಮೇಲೆ ಒಂದೇ ಚಾನೆಲ್, 6 ಓಮ್, 1 ಕಿಲೋಹರ್ಟ್ಸ್, ಡಿಸ್ಟಾರ್ಷನ್ ಶೇಕಡಾ 10 ಅಂತ ಅಳೆದ ದೊಡ್ಡ ಸಂಖ್ಯೆ ಇರುತ್ತದೆ. ಅದನ್ನು ನೋಡಲೇಬೇಡಿ.

ಹಾಗಾದರೆ ರಿಸೀವರ್ ಬೇಡವಾ? ಬೇಕು, ಸಿನಿಮಾನೂ ನೋಡುವ ಮನೆಗೆ ಅದಿಲ್ಲದೆ ಆಗುವುದಿಲ್ಲ. ನಾನು ಯಾವಾಗಲೂ ಹೇಳುವ ದಾರಿ ಒಂದಿದೆ: ಹಿಂದೆ ಪ್ರೀ-ಔಟ್ (ಹೊರಗಿನ ಪವರ್ ಆಂಪ್‌ಗೆ ಸಿಗ್ನಲ್ ಕೊಡುವ ಸಾಕೆಟ್) ಇರುವ ರಿಸೀವರ್ ಕೊಳ್ಳಿ. ಮುಂದಿನ ಎಡ-ಬಲ ಸ್ಪೀಕರ್‌ಗಳಿಗೆ ಪ್ರೀ-ಔಟ್‌ನಿಂದ ಎರಡು ಚಾನೆಲ್‌ನ ಪವರ್ ಆಂಪ್ ಜೋಡಿಸಿ. ಭಾರದ ಕೆಲಸ ಪವರ್ ಆಂಪ್‌ಗೆ ಹೋಗುತ್ತದೆ, ರಿಸೀವರ್ ಮಿಕ್ಕ ಚಾನೆಲ್‌ಗಳನ್ನು ಆರಾಮಾಗಿ ನೋಡಿಕೊಳ್ಳುತ್ತದೆ. ಇವತ್ತು ದುಡ್ಡಿಲ್ಲದಿದ್ದರೆ ಪವರ್ ಆಂಪ್ ಮುಂದಿನ ವರ್ಷ ತರಬಹುದು. ಆದರೆ ಪ್ರೀ-ಔಟ್ ಇಲ್ಲದ ರಿಸೀವರ್ ತಂದರೆ ಆ ಬಾಗಿಲು ಮುಚ್ಚಿತು. ಬರೀ ಹಾಡು ಕೇಳುವವರಿಗೆ ಈ ರಗಳೆ ಬೇಡ, ಅದೇ ದುಡ್ಡಿಗೆ ಸ್ಟೀರಿಯೋ ಇಂಟಿಗ್ರೇಟೆಡ್ ಆಂಪ್, ಅಂದರೆ ವಾಲ್ಯೂಮ್ ಗುಂಡಿಯೂ ಪವರ್ ಆಂಪೂ ಒಂದೇ ಪೆಟ್ಟಿಗೆಯಲ್ಲಿರುವುದನ್ನು, ತಗೊಳ್ಳಿ.

ರಿಸೀವರ್ ಮೆನುವಿನಲ್ಲೋ ಹಿಂದೆಯೋ 4 ಓಮ್-8 ಓಮ್ ಸ್ವಿಚ್ ಇದ್ದರೆ, ಅದನ್ನು 4ಕ್ಕೆ ಹಾಕಿದರೆ ಶಕ್ತಿ ಬರುತ್ತದೆ ಅಂದುಕೊಳ್ಳಬೇಡಿ. ಬಿಸಿ ಕಡಿಮೆ ಮಾಡಲು ಅದು ಒಳಗಿನ ವೋಲ್ಟೇಜನ್ನೇ ಇಳಿಸುತ್ತದೆ. ವಾಟ್ ಕಡಿಮೆಯಾಗುತ್ತದೆ. ಒಂದೇ ರಿಸೀವರ್‌ನಿಂದ ಪ್ರತಿ ಸ್ಪೀಕರ್‌ಗೂ ಎರಡೆರಡು ಚಾನೆಲ್‌ನ ತಂತಿ ಎಳೆದು ಬೈ-ಆಂಪ್ ಮಾಡುವುದರಿಂದಲೂ ಹೆಚ್ಚೇನೂ ಸಿಗುವುದಿಲ್ಲ, ಪವರ್ ಸಪ್ಲೈ ಅದೇ ತಾನೇ?

ಕಡಿಮೆ ಖರ್ಚಿನ ಇನ್ನೊಂದು ಉಪಾಯ ಸಬ್‌ವೂಫರ್. 80 ಹರ್ಟ್ಸ್‌ಗಿಂತ ಕೆಳಗಿನದ್ದನ್ನೆಲ್ಲ ಸ್ವಂತ ಆಂಪ್ ಇರುವ ಸಬ್‌ಗೆ ಕೊಟ್ಟು, ರಿಸೀವರ್ ಮೆನುವಿನಲ್ಲಿ ಮುಖ್ಯ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಸೆಟ್ ಮಾಡಿ. ಹೆಚ್ಚು ಪವರ್ ತಿನ್ನುವುದು ಬೇಸ್. ಅದು ಬೇರೆ ಕಡೆ ಹೋದರೆ ಸಾಧಾರಣ ರಿಸೀವರ್ ಕೂಡ ಉಸಿರಾಡುತ್ತದೆ. ದೊಡ್ಡ ಸ್ಪೀಕರ್‌ಗೆ ‘ಸ್ಮಾಲ್’ ಅನ್ನುವುದು ಅವಮಾನ ಅಂತ ಕೆಲವರಿಗೆ ಅನ್ನಿಸುತ್ತದೆ. ಇರಲಿ ಬಿಡಿ.

ತಂತಿಯ ಬಗ್ಗೆ ಎರಡೇ ಮಾತು. ಐದು ಮೀಟರ್ ದೂರಕ್ಕೆ 0.5 ಚದರ ಮಿಲಿಮೀಟರಿನ ತೆಳು ತಂತಿ ಎಳೆದರೆ, ಹೋಗಿ ಬರುವ ದಾರಿ ಸೇರಿ ಸುಮಾರು 0.35 ಓಮ್ ತಡೆ ಬರುತ್ತದೆ. 3 ಓಮ್‌ಗೆ ಇಳಿಯುವ ಸ್ಪೀಕರ್‌ಗೆ ಅದು ಜಾಸ್ತಿಯೇ. 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿದರೆ 0.07 ಓಮ್. ಅಷ್ಟು ಸಾಕು. ಹಾವಿನಷ್ಟು ದಪ್ಪದ, ಲಕ್ಷ ರೂಪಾಯಿಯ ಕೇಬಲ್ ದುಡ್ಡನ್ನು ಆಂಪ್‌ಗೆ ಹಾಕಿ.

[ತೆರೆಯ ಮೇಲೆ: ಆಂಪ್ಲಿಫೈಯರ್ ಹಿಂಭಾಗ, ‘120 ವೋಲ್ಟ್, 60 ಹರ್ಟ್ಸ್’ ಚೀಟಿ]

ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಅಲ್ಲಿಂದ ಒಳ್ಳೆಯ ಆಂಪ್ ತರುತ್ತೇನೆ ಅಂದರೆ, ಹಿಂಭಾಗದ ಫೋಟೋ ಕಳಿಸಲು ಹೇಳಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230 ವೋಲ್ಟ್‌ಗೆ ನೇರ ಹಾಕುವಂತಿಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಆಂಪ್ ಎಳೆಯುವುದಕ್ಕಿಂತ ದೊಡ್ಡದು. ಚಿಕ್ಕದು ಹಾಕಿದರೆ ದೊಡ್ಡ ಆಂಪ್ ಕೊಂಡಿದ್ದೇ ವ್ಯರ್ಥ. ಇನ್ನೊಂದು ವಿಷಯ: ಸ್ಪೀಕರ್‌ನಲ್ಲಿ ಗುಂಯ್ ಅಂತ ಹಮ್ ಬರುತ್ತಿದೆ ಅಂತ ಪ್ಲಗ್‌ನ ಅರ್ಥ್ ಪಿನ್ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ, ಜೀವಕ್ಕೆ ಅಪಾಯ.

ನಿಮ್ಮ ಸ್ಪೀಕರ್ ಬಗ್ಗೆ ಕೇಳಬೇಕಿದ್ದರೆ ಕಮೆಂಟಿನಲ್ಲಿ ಮಾಡೆಲ್ ಹೆಸರು, ಕೋಣೆಯ ಉದ್ದ-ಅಗಲ, ಎಷ್ಟು ದೂರ ಕೂತು ಕೇಳುತ್ತೀರಿ, ಇಷ್ಟು ಬರೆಯಿರಿ. ಈಗಿರುವ ರಿಸೀವರ್‌ಗೆ ಪ್ರೀ-ಔಟ್ ಇದೆಯಾ ಅಂತಲೂ ಹಿಂದೆ ಬಗ್ಗಿ ನೋಡಿ ತಿಳಿಸಿ.